ತೆರೆಯಾಚೆಯ ಖಾಲಿ ಆಸನ

ಕೆಲವು ವರ್ಷಗಳ ಹಿಂದೆ, ನಡುರಾತ್ರಿ ಕಳೆದ ಮೇಲೆ ಬೆಂಗಳೂರಿನಿಂದ ಹೊರಟ ವಿಮಾನವೊಂದರಲ್ಲಿ, ಅರಕಲಗೂಡು ಕಡೆಯ ವೃದ್ಧೆಯೊಬ್ಬರು ನನ್ನ ಪಕ್ಕದ ಆಸನದಲ್ಲಿ ಕುಳಿತಿದ್ದರು. ಅಮೆರಿಕದಲ್ಲಿ ನೆಲೆಸಿದ ಮಗಳ ಬಾಣಂತನಕ್ಕೆಂದು, ಒಣಶುಂಠಿ, ಮೆಂತ್ಯ, ಕೊಬ್ಬರಿಗಳನ್ನು ಕಟ್ಟಿದ ಪುಟ್ಟ ಗಂಟನ್ನು ಮಡಿಲಿನಿಂದ ಕೆಳಗಿಳಿಸದೆ, ಜೀವಮಾನದಲ್ಲಿ ಮೊದಲ ಬಾರಿಗೆ ಆಕಾಶಮಾರ್ಗವನ್ನು ಹಿಡಿದಿದ್ದ ಆ ತಾಯಿಯ ಮೊಳಕಾಲುಗಳು ಎರಡು ಗಂಟೆ ಕಳೆಯುವುದರೊಳಗಾಗಿಯೇ ಊದಿಕೊಂಡು, ಮುಂದಿನವರ ಆಸನದ ಬೆನ್ನಿಗೂ ತಮ್ಮ ಆಸನದ ಅಂಚಿಗೂ ನಡುವೆ ಮಡಿಸಲೂ ಆಗದೆ, ಚಾಚಲೂ ಆಗದೆ ಸಿಕ್ಕಿಕೊಂಡಿದ್ದವು. ಒಮ್ಮೆ ಕೈಹಿಡಿದು ಶೌಚಗೃಹದವರೆಗೆ ಕರೆದುಕೊಂಡು ಹೋದಾಗ, ಮುಂಭಾಗವನ್ನು ಮರೆಮಾಡಿದ್ದ ತೆರೆ ಯಾರೋ ಹಾದುಹೋದುದರಿಂದ ಕ್ಷಣಕಾಲ ಸರಿಯಿತು. ಮಂಚದಂತೆ ಚಾಚಿಕೊಳ್ಳಬಲ್ಲ ವಿಶಾಲವಾದ ಆಸನಗಳು, ಹೊದಿಕೆಯ ಮಡಿಕೆಯೂ ಬಿಚ್ಚದೆ, ಒಂದಲ್ಲ ಎರಡಲ್ಲ, ಹನ್ನೊಂದು ಖಾಲಿಯಾಗಿರುವುದು ಕಣ್ಣಿಗೆ ಬಿತ್ತು.

"ಅಲ್ಲಿಗೆ ಇನ್ನೂ ಜನ ಹತ್ತೋರಿದ್ದಾರೇನಪ್ಪಾ?" ಎಂದು ಅವರು ಕೇಳಿದರು.

"ಇಲ್ಲಮ್ಮ, ಇನ್ನು ಯಾರೂ ಹತ್ತೋದಿಲ್ಲ" ಎಂದೆ.

"ಹಂಗಾರೆ ಅಷ್ಟೂ ಖಾಲೀನೇ ಹೋಗುತ್ತಾ? ರೈಲಾಗಿದ್ರೆ ಟಿ.ಟಿ.ನಾದ್ರೂ ಕೇಳಬಹುದಾಗಿತ್ತು."

ನಾನು ಉತ್ತರ ಹೇಳಲಿಲ್ಲ. ಹೇಳಲು ಬಲ್ಲವನೂ ಆಗಿರಲಿಲ್ಲ. ಆ ಪ್ರಶ್ನೆ ಮಾತ್ರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಮಾರಾಟವಾಗದೆ ಉಳಿದ ಮೇಲ್ದರ್ಜೆಯ ಆಸನವನ್ನು, ಅದೇ ವಿಮಾನದಲ್ಲಿ ಕೆಳದರ್ಜೆಯಲ್ಲಿ ಕುಳಿತು ಬವಣೆಪಡುತ್ತಿರುವವರಿಗೆ ಉಚಿತವಾಗಿ ಕೊಡತಕ್ಕದ್ದಲ್ಲವೆ, ಕೊಡದಿರುವುದು ನ್ಯಾಯವೆ ಎಂಬ ಈ ವಿಚಾರ, ಮೊದಲ ನೋಟಕ್ಕೆ ತೋರುವಷ್ಟು ಸರಳವಾದುದಲ್ಲವೆಂಬುದೂ, ಬಲ್ಲವರು ಸಾಮಾನ್ಯವಾಗಿ ಕೊಡುವ ಸಮಾಧಾನದಿಂದ ಮುಗಿದುಹೋಗತಕ್ಕದ್ದೂ ಅಲ್ಲವೆಂಬುದೂ ನನಗೆ ನಿಧಾನವಾಗಿ ಮನವರಿಕೆಯಾಯಿತು.

ಕೊಡಬೇಕೆನ್ನುವವರ ವಾದ ಬಲವಾದದ್ದೇ ಸರಿ. ವಿಮಾನದ ಆಸನವೆಂಬುದು ಕೂಡಿಡಲಾಗದ ಸರಕು. ಅಕ್ಕಿಯ ಮೂಟೆ ಇಂದು ಮಾರದಿದ್ದರೆ ನಾಳೆ ಮಾರೀತು. ಬಾಗಿಲು ಮುಚ್ಚಿ ಗಾಲಿ ಉರುಳತೊಡಗಿದ ಕ್ಷಣದಲ್ಲಿ ಖಾಲಿಯಿದ್ದ ಆಸನ ಆ ಪ್ರಯಾಣದ ಮಟ್ಟಿಗೆ ಶಾಶ್ವತವಾಗಿ ನಷ್ಟವಾದಂತೆಯೇ. ಹಿಂದೆ ಕುಳಿತವರನ್ನು ಮುಂದಕ್ಕೆ ಕೂರಿಸಿದುದರಿಂದ ವಿಮಾನದ ಒಟ್ಟು ಭಾರವೇನೂ ಹೆಚ್ಚುವುದಿಲ್ಲ, ಆದಕಾರಣ ಇಂಧನವೂ ಹೆಚ್ಚು ಉರಿಯುವುದಿಲ್ಲ. ಹೆಚ್ಚುವುದೆಂದರೆ ಒಂದು ಉತ್ತಮ ಊಟದ ತಟ್ಟೆ, ಒಗೆಯಬೇಕಾದ ಒಂದು ಹೊದಿಕೆ, ಸಿಬ್ಬಂದಿಯ ಸ್ವಲ್ಪ ಪರಿಶ್ರಮ. ಇಷ್ಟು ಅಲ್ಪವ್ಯಯದಿಂದ ಒಂದು ಜೀವಕ್ಕೆ ಇಷ್ಟು ಮಹತ್ತಾದ ಸುಖ ದೊರೆಯುವುದಾದರೆ, ಕೊಡದೆ ಹಿಡಿದಿಡುವುದು ತಾನೂ ಉಣ್ಣದೆ ಪರರಿಗೂ ಇಕ್ಕದ ಜಿಪುಣತನವಲ್ಲದೆ ಮತ್ತೇನು ಎಂದು ಯಾರಿಗಾದರೂ ತೋರಿದರೆ ಆಶ್ಚರ್ಯವಿಲ್ಲ.

ಇದಕ್ಕೆ ಪ್ರತಿಯಾದ ವಾದವನ್ನು ನಾನು ಯಾವ ಅರ್ಥಶಾಸ್ತ್ರದ ಗ್ರಂಥದಿಂದಲೂ ಮೊದಲು ಕಲಿತವನಲ್ಲ; ನಮ್ಮೂರಿಗೆ ಸುಗ್ಗಿಯ ತರುವಾಯ ಬಂದು ಬೀಡುಬಿಡುತ್ತಿದ್ದ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಕಲಿತೆ. ಅಲ್ಲಿ ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆಗಳಿದ್ದವು. ಒಂದು ವರ್ಷ ಬಂದ ಡೇರೆಯ ಮ್ಯಾನೇಜರು ದಯಾಳು. ಇಂಟರ್‌ವಲ್ ಆದ ಮೇಲೆ ಬೆಂಚುಗಳು ಬರಿದಾಗಿರುವುದನ್ನು ಕಂಡು, ನೆಲದ ಮೇಲೆ ಕುಳಿತ ವಯಸ್ಸಾದವರನ್ನೂ ಮಕ್ಕಳೊಂದಿಗರನ್ನೂ ತಾನಾಗಿಯೇ ಕರೆದು ಬೆಂಚಿನ ಮೇಲೆ ಕೂರಿಸಿದನು. ಒಂದು ವಾರ ಕಳೆಯುವಷ್ಟರಲ್ಲಿ ಊರಿಗೆ ಊರೇ ನೆಲದ ಟಿಕೆಟ್ಟು ಕೊಳ್ಳತೊಡಗಿತು. ಬೆಂಚಿನ ಟಿಕೆಟ್ಟಿಗೆ ಕಾಸು ಕೊಡುತ್ತಿದ್ದ ಮೇಷ್ಟರು, ಅಂಗಡಿಯ ಶೆಟ್ಟರು, ಶ್ಯಾನುಭೋಗರು ಎಲ್ಲರೂ ಅರ್ಧ ಚಿತ್ರವನ್ನು ನೆಲದಲ್ಲಿ ನೋಡಿ ಉಳಿದರ್ಧಕ್ಕೆ ಬೆಂಚಿಗೆ ಬರುವ ಕ್ರಮವನ್ನು ಹಿಡಿದರು. ಸಂತೆಯಲ್ಲಿಯೂ ಇದೇ ನಡೆವಳಿಕೆಯನ್ನು ಕಾಣಬಹುದು. ಹೊತ್ತು ಮುಳುಗುವ ವೇಳೆಗೆ ಬಾಡಿದ ಸೊಪ್ಪನ್ನು ಕಾಲು ಬೆಲೆಗೆ ಕೊಡುವ ಹೆಂಗಸಿನ ಬಳಿಗೆ ಬೆಳಗಿನ ಬೆಲೆ ಕೊಡಲು ಬರುವವರು ಕ್ರಮೇಣ ಕಡಿಮೆಯಾಗುತ್ತಾರೆ. ಕೊಟ್ಟ ಆ ಒಂದು ಸಲಕ್ಕೆ ನಷ್ಟವಿಲ್ಲದಿರಬಹುದು. ಕೊಡುತ್ತಾರೆಂಬ ನಂಬಿಕೆ ಹರಡಿದ ಮೇಲೆ ಆಗುವ ನಷ್ಟವೇ ನಿಜವಾದ ನಷ್ಟ.

ವಿಮಾನೋದ್ಯಮದವರು ಈ ಸಂತೆಯ ಜ್ಞಾನವನ್ನು ಗಣಿತಕ್ಕೆ ಇಳಿಸಿದರು. 1972ರಲ್ಲಿ ಬ್ರಿಟನ್ನಿನ ಬಿ.ಓ.ಎ.ಸಿ. ಸಂಸ್ಥೆಯ ಕೆನ್ ಲಿಟಲ್‌ವುಡ್ ಎಂಬಾತ ಒಂದು ಸೂತ್ರವನ್ನು ಮುಂದಿಟ್ಟನು. ಆ ಉದ್ಯಮದಲ್ಲಿ ಅದಕ್ಕೆ ಇಂದಿಗೂ ಆತನ ಹೆಸರೇ ಉಂಟು. ಅದರ ತಾತ್ಪರ್ಯ ಹೀಗೆ: ಒಂದೇ ಆಸನಕ್ಕೆ ಇಂದು 40,000 ರೂಪಾಯಿ ಕೊಡಲು ಒಬ್ಬನು ಸಿದ್ಧನಾಗಿದ್ದಾನೆ, ನಾಳೆ 1,00,000 ರೂಪಾಯಿ ಕೊಡುವವನೊಬ್ಬನು ಬಂದಾನೆಂಬ ನಿರೀಕ್ಷೆಯೂ ಇದೆ ಎನ್ನಿ. ನಾಳಿನವನು ಬರುವ ಸಂಭವ ನೂರಕ್ಕೆ ನಲವತ್ತಕ್ಕಿಂತ ಕಡಿಮೆಯಾಗಿದ್ದರೆ ಇಂದಿನವನಿಗೆ ಮಾರು, ಹೆಚ್ಚಾಗಿದ್ದರೆ ಕಾಯಿ. ಕಂಪ್ಯೂಟರುಗಳು ಬೆಳೆದಂತೆ, ಅಮೆರಿಕದಲ್ಲಿ 1978ರ ಕಾನೂನಿನಿಂದ ಟಿಕೆಟ್ಟಿನ ದರದ ಮೇಲಣ ಸರ್ಕಾರದ ಹಿಡಿತ ಸಡಿಲಿದ ತರುವಾಯ, ಈ ಬೀಜಸೂತ್ರವು ಹೆಮ್ಮರವಾಗಿ ಬೆಳೆದು, ಒಂದೇ ಸಾಲಿನಲ್ಲಿ ಕುಳಿತ ಮೂವರು ಮೂರು ಬೆಲೆ ತೆತ್ತಿರುವ ಇಂದಿನ ಸ್ಥಿತಿಗೆ ಕಾರಣವಾಯಿತು.

ಈ ಸೂತ್ರದ ದೃಷ್ಟಿಯಿಂದ ಉಚಿತವಾಗಿ ಕೊಡುವುದೆಂದರೆ ಸೊನ್ನೆ ರೂಪಾಯಿಗೆ ಮಾರುವುದು. ಹಣ ಕೊಟ್ಟು ಬರುವವನ ಸಂಭವ ಸಂಪೂರ್ಣವಾಗಿ ಸೊನ್ನೆಯಾದಾಗ ಮಾತ್ರ ಅದು ಸಲ್ಲುತ್ತದೆ. ಆ ಸಂಭವ ಸೊನ್ನೆಯಾಗುವುದು ಯಾವಾಗ? ಬಾಗಿಲು ಮುಚ್ಚಿದಾಗ. ಅರಕಲಗೂಡಿನ ತಾಯಿ ಪ್ರಶ್ನೆ ಕೇಳಿದ್ದು ಅನಂತರವೇ ಅಲ್ಲವೆ? ಆ ಗಳಿಗೆಯಲ್ಲಿ ಸೂತ್ರಕ್ಕೂ ಆಕೆಯ ಬೇಡಿಕೆಗೂ ಯಾವ ವಿರೋಧವೂ ಇರಲಿಲ್ಲ. ವಿರೋಧವಿದ್ದದ್ದು ಮುಂದಿನ ವಾರದ ವಿಮಾನದೊಡನೆ, ಮುಂದಿನ ವರ್ಷದ ಟಿಕೆಟ್ಟಿನೊಡನೆ, ಟೂರಿಂಗ್ ಟಾಕೀಸಿನ ಬೆಂಚಿನ ಭಯದೊಡನೆ.

ಈ ಭಯ ಕೇವಲ ಊಹೆಯಲ್ಲವೆಂಬುದಕ್ಕೆ ಅಮೆರಿಕದ ಅನುಭವವೇ ಸಾಕ್ಷಿ. 1981ರ ಮೇ ತಿಂಗಳಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಮೇಲಿಂದ ಮೇಲೆ ಹಾರುವವರಿಗೆ ಮೈಲಿಗಳ ಲೆಕ್ಕದಲ್ಲಿ ಬಹುಮಾನ ಕೊಡುವ ಯೋಜನೆಯನ್ನು ಆರಂಭಿಸಿತು, ಉಳಿದವರೂ ಅನುಸರಿಸಿದರು. ಖಾಲಿಯುಳಿದ ಮುಂದಿನ ಆಸನಗಳನ್ನು ಇಂಥ ನಿಷ್ಠಾವಂತ ಗಿರಾಕಿಗಳಿಗೆ ಉಚಿತವಾಗಿ ಹಂಚುವುದು ಅಲ್ಲಿನ ದೇಶೀಯ ಯಾನಗಳಲ್ಲಿ ಪದ್ಧತಿಯಾಯಿತು. ಡೆಲ್ಟಾ ಸಂಸ್ಥೆಯ ಅಧಿಕಾರಿಗಳೇ ಹೇಳಿಕೊಂಡಿರುವಂತೆ, 2010ರ ಆಸುಪಾಸಿನಲ್ಲಿ ಅವರ ದೇಶೀಯ ಮೇಲ್ದರ್ಜೆಯಲ್ಲಿ ಹಣ ಕೊಟ್ಟು ಕೊಂಡವರು ಸುಮಾರು ಏಳೆಂಟು ಆಸನಗಳಲ್ಲಿ ಒಂದರಷ್ಟು ಮಾತ್ರ. ಬಿಟ್ಟಿಯಾಗಿ ಸಿಗುವುದೆಂದು ತಿಳಿದ ಮೇಲೆ ಕೊಳ್ಳುವವರಾರು? ಸಂಸ್ಥೆಯು ದಾನವನ್ನು ಕುಗ್ಗಿಸಿ, ದರವನ್ನು ಇಳಿಸಿ, ಕೊನೆಗಳಿಗೆಯವರೆಗೂ ಸ್ವಲ್ಪ ಹಣಕ್ಕೆ ಮೇಲೇರುವ ಅವಕಾಶವನ್ನು ಒಡ್ಡುತ್ತ ಬಂದುದರ ಫಲವಾಗಿ ಇಂದು ಅದೇ ಆಸನಗಳಲ್ಲಿ ನಾಲ್ಕಕ್ಕೆ ಸುಮಾರು ಮೂರು ಮಾರಾಟವಾಗುತ್ತಿವೆ. ಈಗ ಜಗತ್ತಿನ ಹಲವು ಸಂಸ್ಥೆಗಳು ಹೊರಡುವ ಕೆಲವು ದಿನ ಮುಂಚೆ ಪ್ರಯಾಣಿಕರಿಂದ ಹರಾಜಿನ ಕೂಗು ಪಡೆಯುತ್ತವೆ. ಇಂತಿಷ್ಟು ಕೊಡುತ್ತೇನೆಂದು ನಾವು ಗುಟ್ಟಾಗಿ ಬರೆದುಕೊಟ್ಟರೆ, ಆಸನ ಉಳಿದಲ್ಲಿ ಹೆಚ್ಚು ಕೂಗಿದವರಿಗೆ ಅದು ಸಲ್ಲುತ್ತದೆ. ಹೀಗಾಗಿ ಬಿಟ್ಟಿಯಾಗಿ ಸಲ್ಲುವ ಮೇಲ್ದರ್ಜೆಯ ಆಸನಗಳು ಅಂಥ ಸಂಸ್ಥೆಗಳಲ್ಲಿ ಕಡಿಮೆಯಾಗಿವೆ.

ಇಲ್ಲಿಯವರೆಗಿನ ವಾದವನ್ನು ನಾನು ಒಪ್ಪುತ್ತೇನೆ. ದೂರದ ಯಾನಗಳಲ್ಲಿ ಮುಂದಿನ ಕೆಲವೇ ಆಸನಗಳಿಂದ ಬರುವ ವರಮಾನ ಅವುಗಳ ಸಂಖ್ಯೆಗೆ ಎಷ್ಟೋ ಮೀರಿದುದು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಎಲ್ಲಿಯೂ ಇಳಿಯದೆ ಸುಮಾರು 14,000 ಕಿಲೋಮೀಟರುಗಳನ್ನು ಕ್ರಮಿಸಿ ಬೆಂಗಳೂರನ್ನು ಮುಟ್ಟಿದ, ಮಹಿಳೆಯರೇ ಚಾಲಕರಾಗಿದ್ದ, ಏರ್ ಇಂಡಿಯಾ ಆ ಮಾರ್ಗದಲ್ಲಿ ನಡೆಸಿದ ಮೊದಲ ಯಾನವನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರಷ್ಟೆ. ಆ ವಿಮಾನದಲ್ಲಿ ಇದ್ದದ್ದು 238 ಆಸನ, ಅದರಲ್ಲಿ ಫಸ್ಟ್ ಕ್ಲಾಸ್ 8, ಬಿಸಿನೆಸ್ ಕ್ಲಾಸ್ 35, ಉಳಿದ 195 ಇಕಾನಮಿ. ಇಂಥ ವಿಮಾನದಲ್ಲಿ ಆ 43 ಆಸನಗಳ ಬೆಲೆ ಕುಸಿದರೆ, ಇಂಧನದ ಖರ್ಚು ಕುಸಿಯುವುದಿಲ್ಲವಾದ್ದರಿಂದ, ಹಿಂದಿನ 195 ಜನರೇ ಆ ಕೊರತೆಯನ್ನು ತುಂಬಬೇಕಾದೀತು, ಇಲ್ಲವೆ ಅಂಥ ಯಾನವೇ ನಡೆಯದೆ ಹೋದೀತು. ಮುಂದೆ ಕುಳಿತವನ ದುಬಾರಿಯ ಟಿಕೆಟ್ಟು ಒಂದು ರೀತಿಯಲ್ಲಿ ಹಿಂದೆ ಕುಳಿತ ತಾಯಿಯನ್ನು ಮಗಳ ಬಾಣಂತನಕ್ಕೆ ಹೊತ್ತೊಯ್ಯುತ್ತದೆ. ಆದಕಾರಣ, ಖಾಲಿಯಿರುವುದನ್ನೆಲ್ಲ ಬಿಟ್ಟಿ ಕೊಡಬೇಕೆಂಬುದನ್ನು ನಿಯಮವಾಗಿ ಮಾಡುವುದು, ಯಾರ ಹಿತಕ್ಕಾಗಿ ಅದನ್ನು ಮಾಡುತ್ತೇವೆಯೋ ಅವರಿಗೇ ಅಹಿತವಾದೀತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಈ ವಾದವನ್ನು ಮಂಡಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ನಿಜವಾದ ಅಪಾಯ ಆರಂಭವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಅದನ್ನು ಕಂಡು ಹೇಳಿದವನು ವಿಮಾನಗಳು ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಬದುಕಿದ್ದ ಜ್ಯೂಲ್ ದ್ಯುಪ್ಯುಇ ಎಂಬ ಫ್ರಾನ್ಸಿನ ಎಂಜಿನಿಯರು. ರಸ್ತೆ, ಸೇತುವೆಗಳನ್ನು ಕಟ್ಟಿಸುವ ಸರ್ಕಾರಿ ಕೆಲಸದಲ್ಲಿದ್ದ ಈತನು 1849ರಲ್ಲಿ, ಸುಂಕ ಹಾಗೂ ಸಾರಿಗೆದರಗಳ ವಿಚಾರವಾಗಿ ಬರೆದ ಪ್ರಬಂಧದಲ್ಲಿ, ಅಂದಿನ ರೈಲುಗಳ ಮೂರನೆಯ ದರ್ಜೆಯ ಬಂಡಿಗಳಿಗೆ ಮೇಲ್ಛಾವಣಿಯೇ ಇಲ್ಲದಿದ್ದುದರ ಕಾರಣವನ್ನು ವಿಮರ್ಶಿಸಿದನು. ಛಾವಣಿಗೆ ತಗಲುವ ಅಲ್ಪ ಹಣವನ್ನು ಉಳಿಸಬೇಕೆಂಬ ಲೋಭದಿಂದ ಕಂಪನಿಗಳು ಹೀಗೆ ಮಾಡಿದ್ದಲ್ಲ. ಬಡವನನ್ನು ನೋಯಿಸಬೇಕೆಂಬ ದ್ವೇಷದಿಂದಲೂ ಅಲ್ಲ. ಎರಡನೆಯ ದರ್ಜೆಗೆ ಹಣ ಕೊಡಬಲ್ಲವನು ಮೂರನೆಯದಕ್ಕೆ ಇಳಿಯದಂತೆ ಅವನನ್ನು ಹೆದರಿಸುವುದಕ್ಕಾಗಿ! ಪೆಟ್ಟು ಬೀಳುವುದು ಬಡವನ ಮೈಮೇಲೆ, ಗುರಿಯಿಟ್ಟದ್ದು ಉಳ್ಳವನ ಮನಸ್ಸಿನ ಮೇಲೆ. ಮಳೆ ಬಿಸಿಲುಗಳಿಗೆ ಮೈಯೊಡ್ಡಿ ಕುಳಿತವನು ಎಂದೂ ಎರಡನೆಯ ದರ್ಜೆಯ ಗಿರಾಕಿ ಆಗಲಾರನೆಂದು ಕಂಪನಿಗೆ ಗೊತ್ತಿತ್ತು. ಆದರೂ ಆತನ ಕಷ್ಟವು ಇನ್ನೊಬ್ಬನಿಗೆ ತೋರಿಸುವ ಎಚ್ಚರಿಕೆಯ ಫಲಕವಾಯಿತು. ಈ ಮಾತನ್ನು ಮೊದಲ ಬಾರಿಗೆ ತಿಳಿದ ದಿನ ನನಗೆ ಆದ ವ್ಯಥೆಯನ್ನು ಹೇಳಲಾರೆ. ಜಿಪುಣತನಕ್ಕಿಂತಲೂ, ದ್ವೇಷಕ್ಕಿಂತಲೂ ಶೀತಲವಾದ ಒಂದು ಲೆಕ್ಕಾಚಾರ ಲೋಕದಲ್ಲಿ ಉಂಟೆಂದು ಅಂದು ತಿಳಿಯಿತು.

ನಮ್ಮ ದೇಶವೂ ಇದನ್ನು ಅನುಭವಿಸಿತು. 1917ರಲ್ಲಿ ಮಹಾತ್ಮ ಗಾಂಧಿಯವರು ಮೂರನೆಯ ದರ್ಜೆಯ ರೈಲುಪ್ರಯಾಣದ ಮೇಲೆ ಬರೆದ ಪುಟ್ಟ ಲೇಖನದಲ್ಲಿ ಮುಂಬಯಿಯಿಂದ ಮದರಾಸಿಗೆ ತಾವು ಕೈಗೊಂಡ ಪಯಣದ ವರ್ಣನೆಯಿದೆ. ರಾಯಚೂರು ದಾಟಿದ ಮೇಲೆ ಜನರ ಒತ್ತಡ ಸಹಿಸಲಸಾಧ್ಯವಾಯಿತೆಂದು ಅವರು ಹೇಳುತ್ತಾರೆ. ಮೊದಲ ದರ್ಜೆಯ ದರವು ಮೂರನೆಯದರ ಐದು ಪಟ್ಟಿಗಿಂತ ಹೆಚ್ಚಾಗಿರುವುದು ನಿಜ, ಆದರೆ ಮೂರನೆಯ ದರ್ಜೆಯವನಿಗೆ ಮೊದಲನೆಯವನ ಸೌಕರ್ಯದ ಹತ್ತರಲ್ಲಿ ಒಂದು ಪಾಲಾದರೂ ದೊರೆಯುತ್ತಿದೆಯೆ ಎಂಬುದು ಅವರ ಪ್ರಶ್ನೆ. ಅವರು ಮೊದಲ ದರ್ಜೆಯ ಖಾಲಿ ಬರ್ತನ್ನು ಕೇಳಲಿಲ್ಲವೆಂಬುದನ್ನು ಗಮನಿಸಬೇಕು. ಕೊಟ್ಟ ಕಾಸಿಗೆ ತಕ್ಕ ಮನುಷ್ಯಯೋಗ್ಯವಾದ ಜಾಗವನ್ನು ಕೇಳಿದರು.

ದ್ಯುಪ್ಯುಇಯ ಛಾವಣಿಯಿಲ್ಲದ ಬಂಡಿಯನ್ನು ಇಂದಿನ ವಿಮಾನದಲ್ಲಿ ಎಲ್ಲೆಲ್ಲಿ ಗುರುತಿಸಬಹುದೆಂದು ವಿಚಾರಮಾಡುವಾಗ ಎಚ್ಚರ ಬೇಕು. ಬೋಯಿಂಗ್ 777 ವಿಮಾನ 1995ರಲ್ಲಿ ಬಳಕೆಗೆ ಬಂದಾಗ ಇಕಾನಮಿಯ ಒಂದು ಅಡ್ಡಸಾಲಿನಲ್ಲಿ ಬಹುಪಾಲು ಸಂಸ್ಥೆಗಳು ಒಂಬತ್ತು ಆಸನಗಳನ್ನಿಡುತ್ತಿದ್ದವು. ಇಂದು ಬಹುಪಾಲು ಹತ್ತು. ವಿಮಾನದ ಅಗಲವೇನೂ ಬೆಳೆದಿಲ್ಲ, ಭುಜಗಳು ಹತ್ತಿರವಾದವು. ಆದರೆ ಆ ಹತ್ತನೆಯ ಆಸನ ಖರ್ಚನ್ನು ಇನ್ನೊಬ್ಬನೊಡನೆ ಹಂಚಿಕೊಂಡು ದರವನ್ನು ಇಳಿಸುತ್ತದೆ, ಆದ್ದರಿಂದ ಅದನ್ನು ಬರಿಯ ಕ್ರೌರ್ಯವೆನ್ನಲಾಗದು. ಬೆಲೆ ಕಡಿಮೆಯಾಗಿ ಜಾಗವೂ ಕಡಿಮೆಯಾದರೆ ಅದು ವ್ಯಾಪಾರ. ನಾನೇ ಎಷ್ಟೋ ಸಲ ಆ ವ್ಯಾಪಾರವನ್ನು ಸ್ವಸಂತೋಷದಿಂದ ಒಪ್ಪಿದ್ದೇನೆ. ಸಂಸ್ಥೆಗೆ ಚಿಕ್ಕಾಸೂ ಉಳಿಯದೆಯೇ ಹಿಂದಿನವನಿಗೆ ಏನನ್ನು ಬೇಕೆಂದೇ ನಿರಾಕರಿಸಲಾಗುತ್ತಿದೆಯೋ ಅಲ್ಲಿ ಮಾತ್ರ ಛಾವಣಿ ಕಿತ್ತ ಬಂಡಿಯನ್ನು ಕಾಣಬೇಕು. ಎಳೆಯ ಮಗುವನ್ನು ತಾಯಿಯ ಪಕ್ಕದಲ್ಲಿ ಕೂರಿಸಲು ಯಾವ ಖರ್ಚೂ ಇಲ್ಲ. ಆದರೂ ಆಸನ ಆರಿಸಿಕೊಳ್ಳಲು ಬೇರೆ ಹಣ ತೆರದಿದ್ದರೆ ತಾಯಿ ಒಂದೆಡೆ, ಮಗು ಒಂದೆಡೆಯಾಗುವ ಪರಿಪಾಟಿ ಬೆಳೆದುಬಂದು, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹೆತ್ತವರಲ್ಲಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಿ ಆಸನ ಕೊಡತಕ್ಕದ್ದೆಂದು ನಮ್ಮ ವಿಮಾನಯಾನ ಮಹಾನಿರ್ದೇಶನಾಲಯವೇ 2024ರ ಏಪ್ರಿಲ್‌ನಲ್ಲಿ ಆಜ್ಞೆ ಹೊರಡಿಸಬೇಕಾಯಿತು.

ದರ್ಜೆಗಳ ಈ ಜಟಿಲತೆಯನ್ನು ಬುಡಸಹಿತ ನಿವಾರಿಸಬಹುದೆಂದು ಒಮ್ಮೆ ತೋರಿಸಿದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು. 2003ರಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರುವುದರೊಂದಿಗೆ ಆರಂಭವಾದ ಅವರ ಏರ್ ಡೆಕ್ಕನ್ ವಿಮಾನಗಳಲ್ಲಿ ತೆರೆಯೇ ಇರಲಿಲ್ಲ. ಎಲ್ಲರಿಗೂ ಒಂದೇ ದರ್ಜೆ. 2006ರಲ್ಲಿ ಹಾರತೊಡಗಿದ ಇಂಡಿಗೋ ಸಂಸ್ಥೆಯೂ ಅದೇ ದಾರಿ ಹಿಡಿದು ದೇಶದಲ್ಲೆಲ್ಲ ದೊಡ್ಡದಾಗಿ ಬೆಳೆಯಿತು. ಆದರೆ ಅದೂ 2024ರ ಕೊನೆಯಲ್ಲಿ ದೆಹಲಿ ಮುಂಬಯಿಗಳ ನಡುವೆ ಬಿಸಿನೆಸ್ ಕ್ಲಾಸನ್ನು ತಂದಿತು. ಒಂದೆರಡು ಗಂಟೆಯ ಯಾನಕ್ಕೆ ಒಂದೇ ದರ್ಜೆ ಚೆನ್ನ. ಹದಿನೇಳು ಗಂಟೆಯ ಯಾನಕ್ಕೆ ಮುಂದಿನ ದುಬಾರಿ ಟಿಕೆಟ್ಟಿನ ಆಸರೆ ತಪ್ಪದು. ತೆರೆ ಇದ್ದೇ ಇರುತ್ತದೆಂದು ತಿಳಿದೇ ನಾವು ಮುಂದಿನ ಮಾತನ್ನು ಯೋಚಿಸಬೇಕು.

ಹೀಗಿರುವಲ್ಲಿ ಅರಕಲಗೂಡಿನ ತಾಯಿ ರೈಲನ್ನು ನೆನೆದದ್ದು ಎಷ್ಟು ಅರ್ಥಗರ್ಭಿತವಾದುದೆಂದು ನನಗೆ ಆಮೇಲೆ ಹೊಳೆಯಿತು. ಭಾರತೀಯ ರೈಲ್ವೆಯು ಲಾಲೂ ಪ್ರಸಾದ್ ಯಾದವರು ಮಂತ್ರಿಗಳಾಗಿದ್ದಾಗ, 2006ರಲ್ಲಿ, ಒಂದು ಯೋಜನೆಯನ್ನು ಜಾರಿಗೆ ತಂದಿತು. ಟಿಕೆಟ್ಟು ಕೊಳ್ಳುವಾಗಲೇ ಒಪ್ಪಿಗೆ ಕೊಟ್ಟಿದ್ದರೆ, ಚಾರ್ಟ್ ಸಿದ್ಧವಾಗುವ ವೇಳೆಯಲ್ಲಿ ಮೇಲಿನ ದರ್ಜೆಯಲ್ಲಿ ಬರ್ತು ಉಳಿದಿದ್ದರೆ, ಕೆಳಗಿನ ದರ್ಜೆಯಲ್ಲಿ ಪೂರ್ಣ ದರ ತೆತ್ತವರಲ್ಲಿ ಕೆಲವರನ್ನು ಕಂಪ್ಯೂಟರೇ ಆರಿಸಿ, ಒಂದು ಪೈಸೆಯನ್ನೂ ಹೆಚ್ಚಾಗಿ ಕೇಳದೆ ಮೇಲಕ್ಕೆ ಕಳುಹಿಸುತ್ತದೆ. ನೋಡುವವರಿಗೆ ಇದು ಅದೃಷ್ಟದ ಆಟವೆಂದು ತೋರಬಹುದು; ಸ್ಲೀಪರಿನ ಟಿಕೆಟ್ಟು ಹಿಡಿದು ಬಂದವನಿಗೆ ಹವಾನಿಯಂತ್ರಿತ ಬೋಗಿಯ ಬರ್ತು ಸಿಕ್ಕಾಗ ಆತನ ಮುಖದಲ್ಲಿ ಅರಳುವ ಸಂತೋಷವನ್ನು ನಾನೂ ಕಂಡಿದ್ದೇನೆ. ಆದರೆ ಯೋಜನೆಯ ಹೃದಯ ಅಲ್ಲಿಲ್ಲ. ಮೇಲಕ್ಕೆ ಹೋದವನು ಬಿಟ್ಟ ಬರ್ತಿಗೆ ವೇಟಿಂಗ್ ಲಿಸ್ಟಿನಲ್ಲಿ ಕಾದಿದ್ದವನು ಬರುತ್ತಾನೆ. ಊರಿಗೆ ಹೋಗಲಾರದೆ ಪ್ಲಾಟ್‌ಫಾರಮ್ಮಿನಲ್ಲಿ ಉಳಿದುಬಿಡಬಹುದಾಗಿದ್ದವನು ರಾತ್ರಿ ಮಲಗಿ ಬೆಳಗ್ಗೆ ಊರು ಸೇರುತ್ತಾನೆ. ರೈಲ್ವೆಗೂ ಹಿಂದಿರುಗಿಸಬೇಕಾಗಿದ್ದ ಹಣ ಉಳಿಯುತ್ತದೆ. ಒಂದು ಖಾಲಿ ಬರ್ತು ಒಬ್ಬನಿಗೆ ಸುಖವಾಗಿ, ಇನ್ನೊಬ್ಬನಿಗೆ ದಾರಿಯಾಯಿತು. ಯಾರಿಗೆ ಸಿಕ್ಕೀತೆಂದು ಮುಂಚಿತವಾಗಿ ತಿಳಿಯುವಂತಿಲ್ಲವಾದುದರಿಂದ, ಅದನ್ನೇ ನಂಬಿ ಎ.ಸಿ. ಟಿಕೆಟ್ಟು ಕೊಳ್ಳದೆ ಉಳಿಯುವವರು ಹೆಚ್ಚಿರಲಾರರು. ಡೇರೆಯ ಮ್ಯಾನೇಜರಿಗೆ ಹೊಳೆಯದ ಉಪಾಯ ಇದೇ.

ವಿಮಾನಗಳಲ್ಲಿಯೂ ಇದರ ಹೋಲಿಕೆಯೊಂದುಂಟು. ಬಾರದೆ ಉಳಿಯುವವರ ಲೆಕ್ಕ ಹಾಕಿ, ಇರುವ ಆಸನಗಳಿಗಿಂತ ಹೆಚ್ಚು ಟಿಕೆಟ್ಟು ಮಾರುವುದು ಲೋಕರೂಢಿಯಾಗಿದೆ. ಎಲ್ಲರೂ ಬಂದುಬಿಟ್ಟ ದಿನ ಇಕಾನಮಿಯ ಕೆಲವರನ್ನು ಮುಂದಕ್ಕೆ ಏರಿಸಿ ಉಳಿದವರಿಗೆ ಜಾಗ ಮಾಡುತ್ತಾರೆ. ಹಾಗೆ ಏರಿಸದೆ ಹೊರಗೇ ನಿಲ್ಲಿಸಿದರೆ, ಬದಲಿ ವಿಮಾನದ ವಿಳಂಬವನ್ನನುಸರಿಸಿ 10,000 ಇಲ್ಲವೆ 20,000 ರೂಪಾಯಿಗಳ ಮಿತಿಯವರೆಗೆ ಪರಿಹಾರ ಕೊಡಬೇಕೆಂದು ನಮ್ಮ ನಿಯಮವಿದೆ. ಕೆಳಕ್ಕೆ ಇಳಿಸಿದರೂ ನಿಯಮ ಕಾಯುತ್ತದೆ: 2023ರ ಫೆಬ್ರವರಿಯಿಂದ, ದೇಶೀಯ ಯಾನದಲ್ಲಿ ಮೇಲ್ದರ್ಜೆಯ ಟಿಕೆಟ್ಟಿನವನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಕೆಳಗೆ ಕೂರಿಸಿದರೆ, ತೆರಿಗೆಯೂ ಸೇರಿದಂತೆ ಟಿಕೆಟ್ಟಿನ ನೂರಕ್ಕೆ 75 ಪಾಲನ್ನು ಹಿಂದಿರುಗಿಸಬೇಕು, ವಿದೇಶ ಯಾನದಲ್ಲಿ ದೂರವನ್ನು ನೋಡಿ 30, 50 ಅಥವಾ 75 ಪಾಲು. ಯೂರೋಪಿನ ಒಕ್ಕೂಟದ 2004ರ ಕಾನೂನು, ಸಂಸ್ಥೆಯು ತಾನಾಗಿ ಮೇಲ್ದರ್ಜೆಗೆ ಏರಿಸಿದವನಿಂದ ಹೆಚ್ಚಿನ ಹಣ ಕೇಳಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಇಳಿಸುವುದಕ್ಕೆ ಇಷ್ಟೆಲ್ಲ ಕಟ್ಟುಪಾಡುಗಳಿರುವಲ್ಲಿ, ಏರಿಸುವಾಗ ಮೊದಲು ಯಾರನ್ನು ಏರಿಸಬೇಕೆಂಬ ವಿಚಾರ ಮಾತ್ರ ಸಂಸ್ಥೆಯ ಇಚ್ಛೆಗೇ ಬಿಟ್ಟಿದೆ. ಸಾಮಾನ್ಯವಾಗಿ ಅದು ಸಲ್ಲುವುದು ಹೆಚ್ಚು ಮೈಲಿ ಕೂಡಿಸಿದವನಿಗೆ, ಎಂದರೆ ಪ್ರಾಯಶಃ ಉದ್ಯೋಗದ ಖರ್ಚಿನಲ್ಲಿ ಹಾರುವ ನಡುವಯಸ್ಸಿನ ಗಟ್ಟಿ ಮೈಯವನಿಗೆ.

ನನ್ನ ಮನಸ್ಸು ಒಪ್ಪದಿರುವುದು ಇಲ್ಲಿಯೇ. ಮಾರಬಹುದಾದ ಆಸನವನ್ನು ಮಾರಲಿ, ಹರಾಜು ಹಾಕಲಿ, ನಿಷ್ಠೆಗೆ ಬಹುಮಾನವಾಗಿಯೇ ಕೊಡಲಿ; ಅದು ಅವರ ಜೀವನೋಪಾಯ. ಆದರೆ ಒಬ್ಬನಾದರೂ ಬಾಗಿಲಲ್ಲಿ ನಿಂತಿರುವಾಗ ಮುಂದಿನ ಆಸನ ಖಾಲಿ ಹೋಗಕೂಡದು. ಇದನ್ನು ಕಾನೂನಾಗಿಯೇ ಮಾಡಬಹುದು, ಡೇರೆಯ ಭಯ ಇದಕ್ಕೆ ತಟ್ಟುವುದಿಲ್ಲ. ಇನ್ನು ಬಾಗಿಲು ಮುಚ್ಚಿ, ಕೊಳ್ಳುವವರಾರೂ ಇಲ್ಲವೆಂದು ಖಚಿತವಾದ ಮೇಲೂ ಉಳಿದ ಆಸನಗಳಲ್ಲಿ ಒಂದೆರಡನ್ನಾದರೂ ದೇಹಕಷ್ಟವುಳ್ಳವರಿಗೆ ಕೊಡುವ ಅಧಿಕಾರವನ್ನು ವಿಮಾನದ ಹಿರಿಯ ಗಗನಸಖಿಗೆ ಒಪ್ಪಿಸಬೇಕು. ಕೌಂಟರಿನಲ್ಲಿ ಕೇಳಿ ಪಡೆಯತಕ್ಕದ್ದಾಗಲಿ, ಹಕ್ಕೆಂದು ಸಾಧಿಸತಕ್ಕದ್ದಾಗಲಿ ಆಗದೆ, ಕಣ್ಣಾರೆ ಕಂಡವಳು ಮನಸಾರೆ ಕೊಡುವುದಾಗಿರಬೇಕು.

ಇದಕ್ಕೆ ಆಕ್ಷೇಪಣೆಗಳುಂಟೆಂದು ಬಲ್ಲೆ. ಒಬ್ಬರಿಗೆ ಕೊಟ್ಟರೆ ಇನ್ನೂರು ಕಣ್ಣುಗಳು ನೋಡುತ್ತವೆ. ನರಳುವ ನಟನೆ ಹೆಚ್ಚೀತು. ಊಟದ ತಟ್ಟೆಗಳನ್ನು ಎಣಿಸಿಯೇ ಹತ್ತಿಸಿರುತ್ತಾರೆ. ತಟ್ಟೆಯ ಮಾತು ಬಿಡಿ, ಹಿಂದಿನ ಊಟವನ್ನೇ ಮುಂದೆ ಕೊಟ್ಟರಾಯಿತು. ನಟನೆಯ ಮಾತು ಮಾತ್ರ ವಿಚಾರಾರ್ಹ. ಅಮೆರಿಕಕ್ಕೆ ಹೊರಡುವ ವಿಮಾನಗಳ ಮುಂದೆ ಗಾಲಿಕುರ್ಚಿಗಳ ಉದ್ದನೆಯ ಸಾಲನ್ನು ಕಂಡವರು, ಇವರೆಲ್ಲ ನಡೆಯಲಾರದವರೇ ಎಂದು ಮೂಗು ಮುರಿಯುವುದುಂಟು. ನಡೆಯಬಲ್ಲವರು ಅವರಲ್ಲಿ ಅನೇಕರಿದ್ದಾರೆ. ಇಂಗ್ಲಿಷು ಬಾರದೆ, ಪರದೇಶದ ವಿಮಾನನಿಲ್ದಾಣದಲ್ಲಿ ಎತ್ತ ತಿರುಗಬೇಕೆಂದು ತಿಳಿಯದೆ, ಕುರ್ಚಿಯನ್ನು ತಳ್ಳುವವನು ಕೈಹಿಡಿದು ಮುಂದಿನ ಬಾಗಿಲಿಗೆ ಮುಟ್ಟಿಸಿಯಾನೆಂಬ ಒಂದೇ ಭರವಸೆಗಾಗಿ ಮಕ್ಕಳು ಅವರ ಹೆಸರಿನಲ್ಲಿ ಆ ಕುರ್ಚಿಯನ್ನು ಕೇಳಿರುತ್ತಾರೆ. ಅದನ್ನು ನಟನೆಯೆನ್ನಲು ನನಗೆ ನಾಲಗೆ ಬಾರದು. ಕಷ್ಟವನ್ನು ಕಾಗದದ ಮೇಲೆ ಅಳೆಯುವುದು ಹೀಗೆ ತಪ್ಪಿಗೆ ಎಡೆಗೊಡುವುದರಿಂದಲೇ, ಹಾರಾಟದ ನಡುವೆ ಹತ್ತಿರದಿಂದ ನೋಡಿದ ಕಣ್ಣಿಗೆ ಆ ತೀರ್ಮಾನವನ್ನು ಬಿಡಬೇಕೆಂದು ಹೇಳುತ್ತಿದ್ದೇನೆ. ಆ ಕಣ್ಣು ಕೆಲವೊಮ್ಮೆ ಮೋಸಹೋದೀತು. ಹೋಗಲಿ.

ಆ ರಾತ್ರಿ ನಾನು ಗಗನಸಖಿಯೊಬ್ಬಳನ್ನು ಕರೆದು, ಈ ತಾಯಿಗೆ ಮುಂದೆ ಸ್ವಲ್ಪ ಜಾಗ ಕೊಡಲಾದೀತೆ ಎಂದು ಕೇಳಿದೆ. ಇಪ್ಪತ್ತೈದರೊಳಗಿನ ಹುಡುಗಿ, ಊದಿದ ಕಾಲುಗಳನ್ನು ನೋಡಿದಳು, ತೆರೆಯ ಕಡೆ ಒಮ್ಮೆ ನೋಡಿದಳು, ತನಗೆ ಅಪ್ಪಣೆಯಿಲ್ಲವೆಂದು ತಗ್ಗಿದ ದನಿಯಲ್ಲಿ ಹೇಳಿ ಹೋದಳು. ಸ್ವಲ್ಪ ಹೊತ್ತಿಗೆ ಹಿಂದಿನ ಅಡುಗೆಮೂಲೆಯಿಂದ ಊಟದ ಸಾಮಾನು ತುಂಬುವ ಲೋಹದ ಪೆಟ್ಟಿಗೆಯೊಂದನ್ನು ಹೊತ್ತು ತಂದು, ಅದನ್ನು ಆಸನದ ಮುಂದಿನ ಇಕ್ಕಟ್ಟಿನಲ್ಲಿ ಬೋರಲಿಟ್ಟು, ಮೇಲೆ ಎರಡು ಹೊದಿಕೆಗಳನ್ನು ಮಡಿಸಿ ಹಾಸಿ, ಮೊಳಕಾಲೂರಿ ಕುಳಿತು ಆ ಕಾಲುಗಳನ್ನು ಒಂದೊಂದಾಗಿ ಎತ್ತಿ ಅದರ ಮೇಲಿಟ್ಟಳು. ತಾಯಿ ಅವಳ ತಲೆಯ ಮೇಲೆ ಕೈಯಿಟ್ಟು ಕನ್ನಡದಲ್ಲಿ ಏನೋ ಹರಸಿದರು. ಅವಳಿಗೆ ಕನ್ನಡ ಬಾರದು. ಗಂಟನ್ನು ಮಡಿಲಿನಲ್ಲಿಯೇ ಇಟ್ಟುಕೊಂಡು ಅವರು ಬೆಳಕು ಹರಿಯುವವರೆಗೂ ನಿದ್ರಿಸಿದರು.

ಇಳಿಯುವಾಗ ನಾವು ಮುಂಭಾಗವನ್ನು ಹಾದೇ ಹೊರಬರಬೇಕಾಗಿತ್ತು. ಹನ್ನೊಂದು ಹೊದಿಕೆಗಳೂ ಮಡಿಕೆ ಬಿಚ್ಚದೆ ಹಾಗೆಯೇ ಇದ್ದವು. ತಾಯಿ ನಿಂತು, ಅವುಗಳಲ್ಲಿ ಒಂದನ್ನು ಅಂಗೈಯಿಂದ ಮುಟ್ಟಿ ನೋಡಿ, ಮುಂದೆ ನಡೆದರು.